ನಾಗೇಶಿಯ ಪಾಳಿ

ಹಾನಗಲ್ಲಿನಂಥ ಊರಿನಲ್ಲಿ ಐವತ್ತು ದಾಟಿದ ಹೆಣ್ಣುಮಗಳೊಬ್ಬಳು ತನಗೆ ಹಿಪ್ ಹಾಪ್ ಹಾಡು ಸೇರುತ್ತದೆ ಎಂದರೆ ಕೇಳಿದವರು ಮೊದಲು ನಗುತ್ತಾರೆ. ಆಮೇಲೆ, ಮನೆಯಲ್ಲಿ ಎಲ್ಲರೂ ಆರಾಮ ಇದ್ದಾರೆಯೇ ಎಂದು ವಿಚಾರಿಸುತ್ತಾರೆ. ಭಜನೆ ಸೇರುತ್ತದೆ ಎನ್ನಬಹುದು, ದಾಸರ ಪದ ಎನ್ನಬಹುದು, ಹಳೆಯ ಸಿನಿಮಾ ಹಾಡು ಎಂದರೂ ನಡೆದೀತು. ಆದರೆ ದೊಗಳೆ ಅಂಗಿ ತೊಟ್ಟು, ಟೊಪ್ಪಿಗೆ ಓರೆ ಮಾಡಿಕೊಂಡು, ಕೈ ಬೀಸಿ ಬೀಸಿ ಮಾತಾಡುವ ಹುಡುಗರದು ಹಾಡೇ? ಹೀಗೆ ಕೇಳುವವರಿಗೆ ನಾನು ಹೇಳುವುದು ಇಷ್ಟೇ: ಬೀಸುವ ಕಲ್ಲಿನ ಮುಂದೆ ಕೂತು ಪದ ಕಟ್ಟಿದವರ ಮೊಮ್ಮಕ್ಕಳು ನಾವು. ತಾಳಕ್ಕೆ ಸರಿಯಾಗಿ ಮಾತು ಹೊಸೆಯುವ ಕೆಲಸ ನಮಗೆ ಹೊಸದಲ್ಲ. ಕಲ್ಲಿನ ಸಪ್ಪಳ ಹೋಗಿ ಸ್ಪೀಕರಿನ ಸಪ್ಪಳ ಬಂದಿದೆ, ಅಷ್ಟೇ.

ಇಲ್ಲಿ ಎರಡು ಬಗೆಯ ಹಾಡುಗಳ ಮಾತು ಆಡಬೇಕಾಗಿದೆ. ಒಂದು, ಬೆಂಗಳೂರಿನಲ್ಲಿ ಬೆಳೆದ ಕನ್ನಡ ರ‍್ಯಾಪ್. ಚಂದನ್ ಶೆಟ್ಟಿ, ಆಲ್ ಓಕೆ, ಎಂ.ಸಿ. ಬಿಜ್ಜು, ರಾಹುಲ್ ಡಿಟ್ಟೊ ಇಂಥ ಹೆಸರುಗಳನ್ನು ನಿಮ್ಮ ಮನೆಯ ಹುಡುಗರ ಬಾಯಲ್ಲಿ ಕೇಳಿರುತ್ತೀರಿ. ಇನ್ನೊಂದು, ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಿಂದಲೇ ಹೊರಡುವ ಡಿ.ಜೆ. ಜಾನಪದ. ಹಳ್ಳಿಯ ಹುಡುಗನೇ ಬರೆದು, ಹತ್ತಿರದ ಪಟ್ಟಣದ ಸಣ್ಣ ಸ್ಟುಡಿಯೋದಲ್ಲಿ ಹಾಡಿ, ಮೊಬೈಲಿಗೆ ಬಿಟ್ಟುಬಿಡುತ್ತಾನೆ. ಗಣಪತಿ ಕಳಿಸುವ ದಿನ, ಹೋಳಿಯ ದಿನ, ಮದುವೆಯ ಮೆರವಣಿಗೆಯಲ್ಲಿ ಟ್ರ್ಯಾಕ್ಟರಿನ ಟ್ರೇಲರಿನ ಮೇಲೆ ಆಳೆತ್ತರದ ಸ್ಪೀಕರ್ ಪೆಟ್ಟಿಗೆ ಹೇರಿಕೊಂಡು ಈ ಹಾಡು ಬರುತ್ತದೆ. ಬಾಗಿಲು ಮುಚ್ಚಿದರೂ ಅಡುಗೆಮನೆಯ ನೆಲುವಿನ ಡಬ್ಬಿಗಳು ಗಡಗಡ ಅನ್ನುತ್ತವೆ. ಅಂಥ ದಿನ ನಮ್ಮ ಓಣಿಯ ಹಿರಿಯರು, ‘ಜಾನಪದ ಕೆಟ್ಟಿತು’ ಎಂದು ತಲೆಗೆ ಟವೆಲು ಸುತ್ತಿಕೊಂಡು ಒಳಗೆ ಹೋಗುತ್ತಾರೆ. ನನಗೂ ಈ ಹಾಡುಗಳ ಮೇಲೆ ಒಂದು ತಕರಾರು ಇದೆ. ಆದರೆ ಅದು ಅವರ ತಕರಾರಲ್ಲ. ಹಾಗಾಗಿ ಮೊದಲು ನನಗೆ ಇವು ಯಾಕೆ ಸೇರುತ್ತವೆ ಎಂಬುದನ್ನು ಹೇಳಿ ಆಮೇಲೆ ತಕರಾರಿಗೆ ಬರುತ್ತೇನೆ.

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಒಂದೇ ದಿನದಲ್ಲಿ ಸುತ್ತಿ ಬರಬಹುದಾದ ತಾಲೂಕುಗಳು. 1997ರ ವರೆಗೆ ಧಾರವಾಡ ಜಿಲ್ಲೆಯಲ್ಲಿದ್ದವು, ಆಮೇಲೆ ಹಾವೇರಿ ಜಿಲ್ಲೆಗೆ ಬಂದವು. ಈ ಇಷ್ಟೇ ನೆಲದಲ್ಲಿ ಎಷ್ಟು ಹಾಡು ಹುಟ್ಟಿದೆ ನೋಡಿ. ಶಿಗ್ಗಾಂವಿ ತಾಲೂಕಿನ ಬಾಡದಲ್ಲಿ ಕನಕದಾಸರು, ಶಿಶುನಾಳದಲ್ಲಿ ಶರೀಫರು. ಹಾನಗಲ್ಲ ತಾಲೂಕಿನಲ್ಲಿ ಪಂಚಾಕ್ಷರಿ ಗವಾಯಿಗಳು ಮತ್ತು ಅವರ ಶಿಷ್ಯ ಪುಟ್ಟರಾಜ ಗವಾಯಿಗಳು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಎಷ್ಟೋ ಮಕ್ಕಳ ಕೊರಳಿಗೆ ಅನ್ನ ಕೊಟ್ಟವರು. ಹಿರೇಕೆರೂರು ಸೀಮೆಯ ಅಬಲೂರು, ಮಾಸೂರುಗಳ ಹೆಸರು ಸರ್ವಜ್ಞನ ಜೊತೆಗೆ ಅಂಟಿಕೊಂಡಿದೆ. ರ‍್ಯಾಪ್ ಬಗ್ಗೆ ಮಾತಾಡಲು ನನಗೆ ಅಮೇರಿಕಕ್ಕಿಂತ ಮೊದಲು ಅಬಲೂರಿಗೆ ಹೋಗಬೇಕು ಅನ್ನಿಸುತ್ತದೆ.

ಸರ್ವಜ್ಞ ಬಳಸಿದ್ದು ತ್ರಿಪದಿ. ನಮ್ಮ ಹೆಣ್ಣುಮಕ್ಕಳು ಬೀಸುವಾಗ, ಕುಟ್ಟುವಾಗ ಹಾಡಿದ್ದೂ ಅದೇ ತ್ರಿಪದಿ. ಓದುವಾಗ ಮೂರು ಸಾಲು. ಹಾಡುವಾಗ ಎರಡನೆಯ ಸಾಲಿನ ಒಂದು ತುಂಡು ಮತ್ತೊಮ್ಮೆ ತಿರುಗಿ ಬಂದು ನಾಲ್ಕು ಸಾಲಿನಷ್ಟಾಗುತ್ತದೆ. ಹಾಗೆ ತಿರುಗಿ ಹಾಡುವ ಹೊತ್ತಿನಲ್ಲಿ ಮುಂದಿನ ಸಾಲು ನೆನಪಿಗೆ ಬರುತ್ತದೆ. ನೆನಪಿಗೆ ಬಾರದಿದ್ದರೆ ಅಲ್ಲೇ ಹೊಸದು ಕಟ್ಟಿಕೊಳ್ಳಬಹುದು. ಇನ್ನೊಂದು ಸಂಗತಿ ಪ್ರಾಸ. ರ‍್ಯಾಪ್ ಹಾಡುವ ನಮ್ಮ ಹುಡುಗರು ಸಾಲಿನ ಕೊನೆಯಲ್ಲಿ ಪ್ರಾಸ ಹಿಡಿಯುತ್ತಾರೆ, ಅದು ಇಂಗ್ಲಿಷಿನಿಂದ ಬಂದ ರೂಢಿ. ಸರ್ವಜ್ಞ ಪ್ರಾಸವನ್ನು ಸಾಲಿನ ಮೊದಲಿಗೇ, ಎರಡನೆಯ ಅಕ್ಷರದಲ್ಲಿ ಇಡುತ್ತಾನೆ. ಹೊಡೆತ ಮೊದಲು ಬೀಳುತ್ತದೆ, ಅರ್ಥ ಆಮೇಲೆ ಬರುತ್ತದೆ. ತಾಳದ ಮೇಲೆ ಮಾತಾಡುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಯಾವುದಿದೆ? ಬರೀ ಕೊನೆಯ ಪ್ರಾಸಕ್ಕೆ ಜೋತುಬಿದ್ದಾಗ ಕನ್ನಡದ ಕ್ರಿಯಾಪದಗಳೆಲ್ಲ ಸಾಲಿನ ತುದಿಗೆ ಬಂದು ನಿಂತು, ‘ಬಂದೆ, ನಿಂದೆ, ಅಂದೆ’ ಎಂಬ ಮಕ್ಕಳಾಟಿಕೆ ಆಗಿಬಿಡುತ್ತದೆ. ಕನ್ನಡ ರ‍್ಯಾಪ್ ಹಲವು ಸಲ ಸಪ್ಪೆ ಅನ್ನಿಸುವುದು ಇದೇ ಕಾರಣಕ್ಕೆ, ತಾಳ ಜಾಸ್ತಿಯಾದದ್ದಕ್ಕಲ್ಲ.

ಇನ್ನು ಅಂಕಿತ. ಸರ್ವಜ್ಞ ಪ್ರತಿ ಪದದ ಕೊನೆಗೂ ತನ್ನ ಹೆಸರು ಹೇಳುತ್ತಾನೆ. ಶರೀಫರು ಶಿಶುನಾಳದ ಒಡೆಯನ ಹೆಸರು ಹೇಳುತ್ತಾರೆ. ರ‍್ಯಾಪ್ ಹಾಡುವವನೂ ಹಾಡಿನ ನಡುವೆ ತನ್ನ ಹೆಸರು, ತನ್ನ ಓಣಿ, ತನ್ನ ಊರಿನ ಹೆಸರು ಹೇಳಿಕೊಳ್ಳುತ್ತಾನೆ. ಇದನ್ನು ಕೇಳಿದ ಹಿರಿಯರು ‘ಎಷ್ಟು ಸೊಕ್ಕು!’ ಎನ್ನುತ್ತಾರೆ. ಸೊಕ್ಕು ಇರಬಹುದು. ಆದರೆ ಹೆಸರು ಹೇಳಿ ನಿಂತವನು ಆ ಮಾತಿಗೆ ತಾನು ಹೊಣೆ ಎಂದೂ ಹೇಳಿದ ಹಾಗಾಯಿತು. ಅಂಕಿತದ ಈ ಸಂಗತಿಗೆ ನಾನು ಮತ್ತೆ ಬರಬೇಕಾಗುತ್ತದೆ, ಯಾಕೆಂದರೆ ನಮ್ಮ ಹೆಣ್ಣುಮಕ್ಕಳ ಹಾಡಿನಲ್ಲಿ ಇಲ್ಲದ್ದು ಅದೊಂದೇ.

ಈಗ ಅಮೇರಿಕಕ್ಕೆ ಹೋಗೋಣ. ಹಿಪ್ ಹಾಪ್ ಹುಟ್ಟಿದ ದಿನ ಎಂದು ಜಗತ್ತು ಒಪ್ಪಿಕೊಂಡಿರುವುದು 1973ರ ಆಗಸ್ಟ್ 11. ನ್ಯೂಯಾರ್ಕಿನ ಬ್ರಾಂಕ್ಸ್ ಎಂಬ ಬಡವರ ಭಾಗದಲ್ಲಿ ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿಗೆ ಶಾಲೆ ಶುರುವಾಗುವ ಮೊದಲು ಹೊಸ ಬಟ್ಟೆ ಕೊಳ್ಳಬೇಕಿತ್ತು. ಕೈಯಲ್ಲಿ ರೊಕ್ಕ ಇರಲಿಲ್ಲ. ತಾವಿದ್ದ ದೊಡ್ಡ ಕಟ್ಟಡದ ಕೆಳಗಿನ ಹಾಲ್‌ನಲ್ಲಿ ಒಂದು ಪಾರ್ಟಿ ಏರ್ಪಡಿಸಿದಳು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್ ಟಿಕೀಟು. ರೆಕಾರ್ಡ್ ಹಚ್ಚಲು ಅಣ್ಣನನ್ನು ಕೂರಿಸಿದಳು. ಮುಂದೆ ಡಿ.ಜೆ. ಕೂಲ್ ಹರ್ಕ್ ಎಂದು ಹೆಸರಾದವನು ಆ ಅಣ್ಣ. ಜನ ಹೆಚ್ಚು ಕುಣಿಯುವುದು ಹಾಡು ನಿಂತು ಬರೀ ವಾದ್ಯ ನುಡಿಯುವ ತುಣುಕಿಗೆ ಎಂಬುದನ್ನು ಆತ ಕಂಡುಕೊಂಡಿದ್ದ. ಒಂದೇ ಹಾಡಿನ ಎರಡು ರೆಕಾರ್ಡುಗಳನ್ನು ಅಕ್ಕಪಕ್ಕ ಇಟ್ಟು, ಒಂದರಲ್ಲಿ ಆ ತುಣುಕು ಮುಗಿಯುತ್ತಲೇ ಇನ್ನೊಂದರಲ್ಲಿ ಹಚ್ಚಿ, ಅದನ್ನೇ ಉದ್ದ ಮಾಡುತ್ತ ಹೋದ. ಆ ಉದ್ದನೆಯ ತಾಳದ ಮೇಲೆ ಮಾತು ಬಂದು ಕೂತಿತು. ಆರು ವರ್ಷದ ನಂತರ, 1979ರಲ್ಲಿ, ರ‍್ಯಾಪನ್ನು ಮೊದಲ ಸಲ ದೊಡ್ಡದಾಗಿ ಜಗತ್ತಿಗೆ ಮುಟ್ಟಿಸಿದ ರೆಕಾರ್ಡ್ ಹೊರತಂದವಳೂ ಒಬ್ಬ ಹೆಣ್ಣುಮಗಳೇ, ಸಿಲ್ವಿಯಾ ರಾಬಿನ್ಸನ್. ಹಿಪ್ ಹಾಪ್ ಗಂಡುಹುಡುಗರ ಆಟ ಎಂದು ಹೇಳುವವರು ಈ ಎರಡು ಹೆಸರನ್ನು ನೆನಪಿಟ್ಟುಕೊಳ್ಳಬೇಕು.

ತಾಳವನ್ನು ಹೀಗೆ ಉದ್ದ ಮಾಡುವ ಉಪಾಯ ನಮ್ಮ ಗೀಗೀ ಮೇಳದವರಿಗೆ ಗೊತ್ತಿಲ್ಲದ್ದೇನಲ್ಲ. ಮುಂದಾಳು ಒಂದು ನುಡಿ ಹೇಳಿ ನಿಲ್ಲುತ್ತಾನೆ. ಹಿಂದಿನವರು ದಪ್ಪು, ತುಂತುಣಿ ಬಾರಿಸುತ್ತ ಗೀಗೀ ಎಂದು ಎಳೆಯುತ್ತಾರೆ. ಆ ಎಳೆತದಲ್ಲಿ ಮುಂದಾಳು ಎದುರು ಮೇಳದವರ ಮುಖ ನೋಡಿ, ಕೂತ ಜನರ ಮುಖ ನೋಡಿ, ಮುಂದಿನ ನುಡಿಯನ್ನು ಹದ ಮಾಡಿಕೊಳ್ಳುತ್ತಾನೆ. ಯಂತ್ರ ಬೇರೆ, ಊರು ಬೇರೆ, ಯುಕ್ತಿ ಒಂದೇ.

ಹೀಗಿರುವಾಗ ವಾದ್ಯ ಬದಲಾದರೆ ಜಾನಪದ ಕೆಟ್ಟಿತು ಎನ್ನುವ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. ನಮ್ಮ ಶರೀಫರನ್ನೇ ತೆಗೆದುಕೊಳ್ಳಿ. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು. ಗುಡುಗುಡಿ, ಸೋರುವ ಮಾಳಿಗೆ, ಹೀಗೆ ಕಣ್ಣ ಮುಂದಿನ ಸಂಸಾರದ ಸಾಮಾನುಗಳನ್ನೇ ಎತ್ತಿಕೊಂಡು ಪದ ಮಾಡಿದರು. ಅವರ ಪದಗಳು ಏಕತಾರಿಯ ಜೊತೆ, ಭಜನೆಯ ತಾಳದ ಜೊತೆ ಊರೂರು ತಿರುಗಿದವು. ಆಮೇಲೆ ಸಿ. ಅಶ್ವತ್ಥ್ ಅವುಗಳಿಗೆ ಸುಗಮ ಸಂಗೀತದ ಅಂಗಿ ತೊಡಿಸಿದರು. 1990ರಲ್ಲಿ ಟಿ.ಎಸ್. ನಾಗಾಭರಣ ಅವರ ‘ಸಂತ ಶಿಶುನಾಳ ಶರೀಫ’ ಚಿತ್ರ ಬಂದಾಗ ಕ್ಯಾಸೆಟ್ ಅಂಗಡಿಗಳಲ್ಲಿ ಬೇರೆ ಹಾಡೇ ಇರಲಿಲ್ಲ ಎನ್ನಬೇಕು. ಆಗಲೂ ಕೆಲವರು, ಇದು ನಮ್ಮ ಭಜನೆಯ ಶರೀಫ ಅಲ್ಲ ಎಂದರು. 2008ರಲ್ಲಿ ರಘು ದೀಕ್ಷಿತ್ ತಮ್ಮ ಮೊದಲ ಆಲ್ಬಮ್‌ನಲ್ಲಿ ಅದೇ ಗುಡುಗುಡಿಯ ಪದವನ್ನೂ ಮಾಳಿಗೆಯ ಪದವನ್ನೂ ಗಿಟಾರ್, ಡ್ರಮ್ಮುಗಳ ಜೊತೆ ಹಾಡಿದರು. 2010ರಲ್ಲಿ ಅವರ ತಂಡ ಇಂಗ್ಲೆಂಡಿನ ಬಿ.ಬಿ.ಸಿ. ಟೆಲಿವಿಷನ್ನಿನ ಪ್ರಸಿದ್ಧ ಸಂಗೀತ ಕಾರ್ಯಕ್ರಮದಲ್ಲಿ ಹಾಡಿತು. ಅಶ್ವತ್ಥರ ಶರೀಫರಲ್ಲಿ ಒಬ್ಬ ಒಂಟಿ ಮನುಷ್ಯನ ಅಳಲು ಮುಂದೆ ಬರುತ್ತದೆ. ರಘು ದೀಕ್ಷಿತರ ಶರೀಫರಲ್ಲಿ ಕುಣಿಯುವ ಫಕೀರನೊಬ್ಬ ಕಾಣುತ್ತಾನೆ. ಮಾಳಿಗೆ ಸೋರುವ ದುಃಖ ಅಲ್ಲಿ ತುಸು ಕಡಿಮೆ, ಸೋರಿದರೂ ಕುಣಿಯುವ ಧೈರ್ಯ ಹೆಚ್ಚು. ನನಗೆ ಎರಡೂ ಬೇಕು. ಶರೀಫರ ಪದ ಎರಡನ್ನೂ ತಾಳಿಕೊಳ್ಳುವಷ್ಟು ಗಟ್ಟಿಯಾಗಿದೆ.

ಹಾಡನ್ನು ಕಾಪಾಡುವುದು ಒಂದು ಕೆಲಸ, ಹಾಡುತ್ತ ಹೋಗುವುದು ಇನ್ನೊಂದು. ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಜಾನಪದಕ್ಕೆಂದೇ ಒಂದು ವಿಶ್ವವಿದ್ಯಾಲಯ ನಮ್ಮ ಹೊಲಗಳ ನಡುವೆ ಇರುವುದು ಹೆಮ್ಮೆಯ ಮಾತು. ಅದರ ಪಕ್ಕದ ಹೆದ್ದಾರಿಯಲ್ಲಿ ಹೋಗುವ ಟ್ರ್ಯಾಕ್ಟರಿನಲ್ಲಿ ಡಿ.ಜೆ. ಜಾನಪದ ಕೇಳಿಸುತ್ತಿರುತ್ತದೆ. ಒಳಗಿನ ಜಾನಪದ ಓದಿಗೆ, ಹೊರಗಿನದು ಕುಣಿತಕ್ಕೆ. ಒಳಗಿನವರು ಹೊರಗಿನದನ್ನು ಕಿವಿಗೊಟ್ಟು ಕೇಳಿದರೆ, ಹೊರಗಿನವರು ಒಳಗೆ ಕಾಲಿಟ್ಟರೆ ಇಬ್ಬರಿಗೂ ಲಾಭ.

ಈ ಎರಡರ ನಡುವೆ ಎದ್ದು ಬಂದವನು ಸವಣೂರು ತಾಲೂಕಿನ ಚಿಲ್ಲೂರು ಬಡ್ನಿ ತಾಂಡಾದ ಹನುಮಂತ. ಝೀ ಕನ್ನಡದ ‘ಸರಿಗಮಪ’ದ ಹದಿನೈದನೆಯ ಆವೃತ್ತಿಯಲ್ಲಿ ಹಾಡಿ 2019ರಲ್ಲಿ ಎರಡನೆಯ ಸ್ಥಾನ ಪಡೆದ. 2025ರ ಜನವರಿಯಲ್ಲಿ ಬಿಗ್ ಬಾಸ್ ಕನ್ನಡದ ಹನ್ನೊಂದನೆಯ ಆವೃತ್ತಿ ಗೆದ್ದ. ಟಿ.ವಿ.ಯವರು ಅವನ ಲುಂಗಿ, ಮುಗ್ಧತೆ, ಕುರಿ ಕಾಯುವ ಕೆಲಸ ಇವನ್ನೇ ಮುಂದೆ ಮಾಡಿದರು. ನನಗೆ ಮುಖ್ಯವಾಗಿ ಕೇಳಿಸಿದ್ದು ಬಯಲಿನಲ್ಲಿ ದೂರಕ್ಕೆ ಕೂಗಿ ಕೂಗಿ ಪಳಗಿದ ಕೊರಳು. ಅದು ಮುಗ್ಧತೆ ಅಲ್ಲ, ವಿದ್ಯೆ. ದೊಡ್ಡ ಸ್ಟುಡಿಯೋದ ವಾದ್ಯಗಳ ನಡುವೆಯೂ ಆ ಕೊರಳು ದಾರಿ ತಪ್ಪಲಿಲ್ಲ. ಹಳೆಯ ಕೊರಳಿಗೆ ಹೊಸ ವಾದ್ಯ ಒಗ್ಗುವುದಿಲ್ಲ ಎನ್ನುವವರಿಗೆ ಸವಣೂರಿನ ಈ ಹುಡುಗನೇ ಉತ್ತರ.

ಡಿ.ಜೆ. ಜಾನಪದದಲ್ಲಿ ನನಗೆ ಸೇರುವ ಗುಣವೂ ಇದೇ ಬಗೆಯದು. 2025ರಲ್ಲಿ ಮಾಳು ನಿಪನಾಳ ಅವರ ಡ್ರೈವರ್ ಹಾಡು ಕೇಳದ ಊರಿರಲಿಲ್ಲ. ಡ್ರೈವರನೊಬ್ಬ ತನ್ನ ಕೆಲಸದ ಹೆಸರು ಹೇಳಿಕೊಂಡೇ ಪ್ರೀತಿಯ ಹಾಡು ಹಾಡಬಹುದು ಎಂಬುದನ್ನು ನಮ್ಮ ಸಿನಿಮಾ ಹಾಡುಗಳು ಎಷ್ಟೋ ಕಾಲದಿಂದ ಮರೆತಿದ್ದವು. ಟ್ರ್ಯಾಕ್ಟರ್, ಕಬ್ಬಿನ ಲೋಡು, ಜಾತ್ರೆ, ತವರಿನ ಬಸ್ಸು ಇವೆಲ್ಲ ಈ ಹಾಡುಗಳಲ್ಲಿ ಸಲೀಸಾಗಿ ಬರುತ್ತವೆ. ಭಾಷೆ ನಮ್ಮ ಮನೆಯದು. ‘ಹೊಂಟೇನಿ’, ‘ಬಂದಾಳ’ ಎನ್ನುವ ನಮ್ಮ ಮಾತಿಗೆ ತಾಳ ತಾನಾಗಿಯೇ ಇದೆ, ಬೆಂಗಳೂರಿನ ಹುಡುಗರು ಕಷ್ಟಪಟ್ಟು ಮಾಡುವುದು ಇಲ್ಲಿ ಸಹಜವಾಗಿ ಆಗುತ್ತದೆ.

ಇನ್ನು ತಕರಾರು. ಅದನ್ನು ನನಗಿಂತ ಚೆನ್ನಾಗಿ ಹೇಳಿದವಳು ಶಿಗ್ಗಾಂವಿಯಲ್ಲಿ ಪಿ.ಯು.ಸಿ. ಓದುವ ನನ್ನ ತಂಗಿಯ ಮಗಳು. ಈ ಹಾಡುಗಳಲ್ಲಿ ಒಂದು ದೊಡ್ಡ ಪಾಲು ಕೈಕೊಟ್ಟ ಹುಡುಗಿಯ ಮೇಲಿನದು. ನೌಕರಿ ಇದ್ದವನನ್ನು ನೋಡಿ ಹೋದಳು, ಸಿಟಿಯವನನ್ನು ಕಟ್ಟಿಕೊಂಡಳು, ನನ್ನ ಬದುಕು ಹಾಳು ಮಾಡಿದಳು, ಹೀಗೆ. ಮೆರವಣಿಗೆಯಲ್ಲಿ ಅದು ಮೊಳಗುವಾಗ ಹುಡುಗಿಯರು ಅಂಗಡಿಯ ಮಗ್ಗುಲಿಗೆ ಸರಿದು ನಿಲ್ಲುತ್ತಾರೆ. ಕುಣಿಯುವ ಹುಡುಗರು ಅವರ ಕಡೆ ಬೆರಳು ಮಾಡಿಯೇ ಹಾಡುತ್ತಾರೆ. ಇವಳು ನನ್ನನ್ನು ಕೇಳಿದಳು:

“ದೊಡ್ಡವ್ವ, ಮೋಸ ಮಾಡಿದಾಕಿ, ಮೋಸ ಮಾಡಿದಾಕಿ ಅಂತ ಇಷ್ಟ ಹಾಡ ಅದಾವಲ್ಲ, ಆಕಿ ಏನಂತಾಳ ಅಂತ ಒಂದರ ಹಾಡ ಐತೇನು?”

“ಇದ್ದೀತು ಹುಡುಕು” ಅಂದೆ.

“ಹುಡುಕೇನಿ. ಆಕಿ ಬಾಯಿ ತೆಗದ್ರೂ ಮತ್ತ ಅವನ್ನ ಹೊಗಳಾಕ ತೆಗೀತಾಳ.”

ಇದು ಸಣ್ಣ ಮಾತಲ್ಲ. ಅವಳಿಗೆ ತಾಳ ಬೇಡವಾಗಿಲ್ಲ, ಸ್ಪೀಕರ್ ಬೇಡವಾಗಿಲ್ಲ, ಆ ಹಾಡಿಗೆ ಅವಳೂ ಒಳಗೊಳಗೆ ಕಾಲು ಕುಣಿಸುತ್ತಾಳೆ. ಅವಳಿಗೆ ಬೇಕಾದದ್ದು ತನ್ನ ಪಾಳಿ. ಹಳೆಯದು ಕೆಟ್ಟಿತು ಎಂದು ಗೊಣಗುವ ಹಿರಿಯರು ಹಳೆಯದರಲ್ಲಿ ಏನಿತ್ತು ಎಂಬುದನ್ನು ಇಲ್ಲಿ ನೆನಪಿಸಿಕೊಳ್ಳಬೇಕು. ಹಳೆಯದರಲ್ಲಿ ಪಾಳಿ ಇತ್ತು.

ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ಹರದೇಶಿ-ನಾಗೇಶಿ ಪದಗಳನ್ನು ಕೇಳಿದವರಿಗೆ ಇದು ಗೊತ್ತು. ಎರಡು ಮೇಳಗಳು ಎದುರುಬದುರು ನಿಲ್ಲುತ್ತವೆ. ಹರದೇಶಿಯವರು ಗಂಡು ಹೆಚ್ಚು ಎಂದು ಹಾಡುತ್ತಾರೆ, ನಾಗೇಶಿಯವರು ಹೆಣ್ಣು ಹೆಚ್ಚು ಎಂದು ಹಾಡುತ್ತಾರೆ. ಒಬ್ಬರು ಶಿವನನ್ನು ಎತ್ತಿದರೆ ಇನ್ನೊಬ್ಬರು ಶಕ್ತಿಯನ್ನು ಎತ್ತುತ್ತಾರೆ. ಪುರಾಣ ಆಯಿತು, ವೇದಾಂತ ಆಯಿತು, ಕೊನೆಗೆ ಅತ್ತೆಮನೆ, ಬಸಿರು, ಬಾಣಂತನ, ಸೆರೆ ಕುಡಿದು ಬರುವ ಗಂಡ ಎಲ್ಲವೂ ಬರುತ್ತದೆ. ಎಷ್ಟೋ ಕಡೆ ನಾಗೇಶಿ ಮೇಳದ ಮುಂದಾಳು ಹೆಣ್ಣುಮಗಳೇ. ಬೆಳಕು ಹರಿಯುವ ತನಕ ಸವಾಲು-ಜವಾಬು ನಡೆಯುತ್ತದೆ. ಅಲ್ಲಿ ಬೈಗುಳ ಇಲ್ಲವೆಂದಲ್ಲ, ಕೆಳದರ್ಜೆಯ ಚೇಷ್ಟೆ ಇಲ್ಲವೆಂದೂ ಅಲ್ಲ. ಹಾಗೆ ಹಾಡಿದ ಹೆಣ್ಣುಮಕ್ಕಳಿಗೆ ಊರು ಸಲ್ಲಬೇಕಾದ ಮರ್ಯಾದೆ ಕೊಟ್ಟಿತೆಂದೂ ನಾನು ಹೇಳಲಾರೆ. ಆದರೆ ಒಂದು ನಿಯಮ ಮಾತ್ರ ಗಟ್ಟಿ: ಅವನು ಹಾಡಿದ ಮೇಲೆ ಇವಳ ಪಾಳಿ ಬರಲೇಬೇಕು. ಜವಾಬು ಬಾರದೆ ಸವಾಲು ಪೂರ್ತಿಯಾಗುವುದಿಲ್ಲ. ಡಿ.ಜೆ. ಜಾನಪದ ಹರದೇಶಿಯನ್ನು ಇಟ್ಟುಕೊಂಡು ನಾಗೇಶಿಯನ್ನು ಟ್ರೇಲರಿನಿಂದ ಕೆಳಗೆ ಇಳಿಸಿಬಿಟ್ಟಿದೆ. ಅದು ಕೆಟ್ಟದ್ದು ಅಲ್ಲಿ.

ಹಿಪ್ ಹಾಪ್‌ನಿಂದ ನಮ್ಮ ಹುಡುಗರು ತಾಳ ಕಲಿತರು, ವೇಷ ಕಲಿತರು. ಅದರಲ್ಲಿದ್ದ ನಾಗೇಶಿಯನ್ನು ಕಲಿಯಲಿಲ್ಲ. 1984ರಲ್ಲಿ ಯು.ಟಿ.ಎಫ್.ಓ. ಎಂಬ ತಂಡ ಒಂದು ಹಾಡು ಮಾಡಿತು. ರೋಕ್ಸಾನ್ ಎಂಬ ಹುಡುಗಿ ತಮ್ಮ ಕಡೆ ನೋಡುವುದಿಲ್ಲ, ಅವಳಿಗೆ ಬಲು ಸೊಕ್ಕು ಎಂಬುದು ಅದರ ಸಾರಾಂಶ. ನಮ್ಮ ಮೆರವಣಿಗೆಯ ಹಾಡೇ ಅನ್ನಿ. ಅದೇ ವರ್ಷ ನ್ಯೂಯಾರ್ಕಿನ ಕ್ವೀನ್ಸ್‌ಬ್ರಿಜ್ ಎಂಬ ಬಡವರ ವಸತಿಯ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ತಾನೇ ಆ ರೋಕ್ಸಾನ್ ಎಂಬಂತೆ ನಿಂತು ಜವಾಬು ಹಾಡಿದಳು. ರೋಕ್ಸಾನ್ ಶಾಂಟೆ ಎಂದು ಹೆಸರಾದಳು. ಬಟ್ಟೆ ಒಗೆಯಲು ಹೊರಟವಳು ನಡುವೆ ನಿಂತು ಒಂದೇ ಸಲಕ್ಕೆ ಹಾಡಿ ಮುಗಿಸಿದೆ ಎಂದು ಆಕೆಯೇ ಹೇಳಿಕೊಂಡಿದ್ದಾಳೆ. ಆ ಒಂದು ಜವಾಬಿಗೆ ಮತ್ತೆ ಜವಾಬು, ಅದಕ್ಕೆ ಇನ್ನೊಂದು, ಹೀಗೆ ಹತ್ತಾರು ರೆಕಾರ್ಡುಗಳು ಬಂದವು. ಆಕೆ ಹುಡುಗರ ಹಾಡನ್ನು ನಿಲ್ಲಿಸಿರಿ ಎಂದು ಅರ್ಜಿ ಕೊಡಲಿಲ್ಲ. ಎದುರು ಹಾಡಿದಳು, ಅದರಿಂದ ಹಿಪ್ ಹಾಪ್ ದೊಡ್ಡದಾಯಿತು.

ಜವಾಬಿನ ಈ ಮಾತಿಗೆ ನಮ್ಮಲ್ಲಿಯೂ ಒಂದು ಪ್ರಸಂಗ ನಡೆದುಹೋಗಿದೆ. 2020ರ ಗಣಪತಿ ಹಬ್ಬದ ಹೊತ್ತಿಗೆ ಚಂದನ್ ಶೆಟ್ಟಿ ಮಲೆ ಮಹದೇಶ್ವರನ ಪರಂಪರೆಯ ‘ಕೋಲುಮಂಡೆ’ ಪದವನ್ನು ಹೊಸ ತಾಳಕ್ಕೆ ಹಾಕಿ ವಿಡಿಯೊ ಮಾಡಿದರು. ಅದರಲ್ಲಿ ಶರಣೆ ಸಂಕಮ್ಮನನ್ನು ತೋರಿಸಿದ ರೀತಿಗೆ, ಆಕೆಯ ಉಡುಗೆಗೆ, ಚಾಮರಾಜನಗರದ ಕಡೆಯ ಭಕ್ತರು ಸಿಟ್ಟಾದರು. ಹಾಡಿದವರು ಕ್ಷಮೆ ಕೇಳಿದರು. ಭಕ್ತರ ನೋವು ನನಗೆ ಅರ್ಥವಾಗುತ್ತದೆ. ಆದರೆ ಆ ಗದ್ದಲದಲ್ಲಿ ಸಂಕಮ್ಮ ಯಾರು ಎಂಬುದನ್ನು ಎಷ್ಟು ಜನ ನೆನೆದರು? ಮಹದೇಶ್ವರನ ಕಾವ್ಯದಲ್ಲಿ ಸಂಕಮ್ಮನ ಕಥೆಗೆ ಒಂದು ಸಾಲೇ ಮೀಸಲು. ಜೇನು ತರಲು ಕಾಡಿಗೆ ಹೊರಟ ಗಂಡ, ತಾನಿಲ್ಲದಾಗ ತಪ್ಪಿ ನಡೆಯುವುದಿಲ್ಲ ಎಂದು ಬಲಗೈ ಭಾಷೆ ಕೊಡು ಎನ್ನುತ್ತಾನೆ. ಅಂಥ ಭಾಷೆ ಕೊಡುವುದೇ ತನಗೆ ಅವಮಾನ ಎಂದು ಆಕೆ ಕೊಡುವುದಿಲ್ಲ. ಅದಕ್ಕಾಗಿ ಪಡಬಾರದ ಕಷ್ಟ ಪಡುತ್ತಾಳೆ. ಕೊನೆಗೆ ಜಂಗಮನಾಗಿ ಬಂದ ಮಾದಪ್ಪ ಆಕೆಯ ಪಕ್ಷ ವಹಿಸುತ್ತಾನೆ. ದೇವರಗುಡ್ಡರು ಕಂಸಾಳೆ ಬಾರಿಸುತ್ತ ರಾತ್ರಿಯೆಲ್ಲ ಹಾಡುವ ಈ ಕಥೆಯ ಜೀವ ಇರುವುದು ಹೆಣ್ಣೊಬ್ಬಳ ‘ಒಲ್ಲೆ’ ಎಂಬ ಮಾತಿನಲ್ಲಿ. ಹೊಸ ಹಾಡಿನವರು ಆಕೆಯನ್ನು ಕುಣಿಸಿದರು, ಸಿಟ್ಟಾದವರು ಆಕೆಯ ಸೀರೆಯ ಮಾತಾಡಿದರು. ಒಲ್ಲೆ ಎಂದವಳ ಬಾಯಿ ಎರಡೂ ಕಡೆಯವರಿಗೆ ಬೇಡವಾಯಿತು. ರ‍್ಯಾಪ್‌ಗೆ ಇದಕ್ಕಿಂತ ತಕ್ಕ ವಸ್ತು ಇತ್ತೇ? ಆ ಬಲಗೈ ಭಾಷೆಯ ನಿರಾಕರಣೆಯನ್ನು ಹುಡುಗಿಯೊಬ್ಬಳು ಇಂದಿನ ತಾಳಕ್ಕೆ ಹಾಡಿದ್ದರೆ, ಅದು ಹೊಸದೂ ಆಗುತ್ತಿತ್ತು, ಮಾದಪ್ಪನಿಗೂ ಸಲ್ಲುತ್ತಿತ್ತು.

ಈಗ ಅಂಕಿತಕ್ಕೆ ಬರುತ್ತೇನೆ. ಬೀಸುವ ಪದಗಳಲ್ಲಿ ತವರಿನ ಹೆಸರು ಬರುತ್ತದೆ, ಅಣ್ಣನ ಹೆಸರು ಬರುತ್ತದೆ, ಕಲ್ಲಿಗೂ ಒಂದು ಹೆಸರಿನ ಮರ್ಯಾದೆ ಸಿಗುತ್ತದೆ. ಹಾಡಿದಾಕೆಯ ಹೆಸರು ಮಾತ್ರ ಬರುವುದಿಲ್ಲ. 1931ರಲ್ಲಿ ಹಲಸಂಗಿ ಗೆಳೆಯರು ‘ಗರತಿಯ ಹಾಡು’ ಹೊರತಂದರು. ಅವರ ಉಪಕಾರವನ್ನು ಕನ್ನಡ ಮರೆಯುವಂತಿಲ್ಲ. ಆದರೆ ಸಂಗ್ರಹಿಸಿದವರ ಹೆಸರು ನಮಗೆ ಗೊತ್ತು, ಹಾಡಿದವಳು ಬರೀ ‘ಗರತಿ’ಯಾಗಿ ಉಳಿದಳು. ಸರ್ವಜ್ಞನಿಗೆ ಇದ್ದ ಅಂಕಿತ ಅದೇ ತ್ರಿಪದಿಯಲ್ಲಿ ಹಾಡಿದ ಆಕೆಗೆ ಇಲ್ಲ.

ಹೆಸರು ಉಳಿಸಿಕೊಂಡ ಹೆಣ್ಣುಮಕ್ಕಳಿಗೆ ಅದು ಸುಲಭವಾಗಿ ಸಿಕ್ಕಿದ್ದಲ್ಲ. ನಮ್ಮೂರಿನ ಹೆಸರನ್ನು ದೇಶದ ತುಂಬ ಹರಡಿದ ಗಂಗೂಬಾಯಿಯವರನ್ನು ನೋಡಿ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದರು, ಹುಬ್ಬಳ್ಳಿಯಲ್ಲಿ ಬಾಳಿದರು, ಕಿರಾನಾ ಘರಾಣೆಯ ದೊಡ್ಡ ಗಾಯಕಿಯಾದರು. ಅವರ ಮೊದಮೊದಲ ಗ್ರಾಮಫೋನ್ ರೆಕಾರ್ಡುಗಳ ಮೇಲೆ ‘ಗಾಂಧಾರಿ ಹಾನಗಲ್’ ಎಂದು ಅಚ್ಚಾಗುತ್ತಿತ್ತು. ಹಾಡುವ ಹೆಣ್ಣು ಎಂದರೆ ಹಗುರವಾಗಿ ಮಾತಾಡುತ್ತಿದ್ದ ಕಾಲ ಅದು, ಬೀದಿಯಲ್ಲಿ ಚುಚ್ಚುಮಾತು ಕೇಳಿಕೊಂಡೇ ಅವರು ಸಂಗೀತ ಕಲಿತರು. 2009ರಲ್ಲಿ ತೀರಿಕೊಂಡಾಗ ಗಂಗೂಬಾಯಿ ಹಾನಗಲ್ ಎಂಬ ಹೆಸರಿಗೆ ಬೇರೆ ಪರಿಚಯ ಬೇಕಿರಲಿಲ್ಲ. ಜಾನಪದದಲ್ಲಿ ಅಂಥ ಹೆಸರು ಅಂಕೋಲೆಯ ಕಡೆಯ ಹಾಲಕ್ಕಿ ಒಕ್ಕಲಿಗರ ಸುಕ್ರಿ ಬೊಮ್ಮಗೌಡ ಅವರದು. ತಲೆಯಲ್ಲಿ ಸಾವಿರಾರು ಪದ ಹೊತ್ತಿದ್ದ ಆ ಅಜ್ಜಿಗೆ 2017ರಲ್ಲಿ ಪದ್ಮಶ್ರೀ ಬಂತು, 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಸೆರೆ ಅಂಗಡಿಯ ವಿರುದ್ಧವೂ ಹೋರಾಡಿದವರು ಅವರು. ಹಾಡಿಗೂ ಹೋರಾಟಕ್ಕೂ ಒಂದೇ ಕೊರಳು.

ಪಕ್ಕದ ತಮಿಳಿನಲ್ಲಿ 2021ರಲ್ಲಿ ‘ಎಂಜಾಯ್ ಎಂಜಾಮಿ’ ಎಂಬ ಹಾಡು ಬಂತು. ನಿಮ್ಮ ಮನೆಯ ಮಕ್ಕಳು ಅರ್ಥ ತಿಳಿಯದೆಯೂ ಹಾಡಿರುತ್ತಾರೆ. ಅರಿವು ಎಂಬ ರ‍್ಯಾಪರ್ ಅದರಲ್ಲಿ ತನ್ನ ಅಜ್ಜಿ ವಳ್ಳಿಯಮ್ಮಾಳ್ ಅವರ ಬದುಕನ್ನು, ಸಿಲೋನಿನ ಚಹಾ ತೋಟದ ಕೂಲಿಗಳ ಕಥೆಯನ್ನು ತಂದ. ಧೀ ಎಂಬ ಗಾಯಕಿಯ ಕೊರಳೂ ಅದರಲ್ಲಿದೆ. ಸಾವಿನ ಮನೆಯ ಒಪ್ಪಾರಿಯ ಧಾಟಿ ರ‍್ಯಾಪಿನ ಜೊತೆ ಕೂಡಿಕೊಂಡಿತು. ವಿಡಿಯೊದಲ್ಲಿ ಆ ಅಜ್ಜಿಯೂ ಕಾಣಿಸುತ್ತಾರೆ. ಮುಂದೆ ಆ ಹಾಡಿನ ಕೀರ್ತಿ ಯಾರಿಗೆ ಸಲ್ಲಬೇಕು ಎಂದು ಜಗಳವಾಯಿತು. ಜಗಳವಾಗಲಿ ಬಿಡಿ, ಅಜ್ಜಿಯ ಹೆಸರಂತೂ ಉಳಿಯಿತು. ಜಾನಪದವನ್ನು ಹೊಸದು ಮಾಡುವುದು ಎಂದರೆ ನನ್ನ ಮಟ್ಟಿಗೆ ಇದು. ಹಳೆಯ ಧಾಟಿಯನ್ನು ಎತ್ತಿಕೊಂಡು ಬರುವಾಗ ಅದನ್ನು ಕಾಪಾಡಿದ ಕೊರಳನ್ನೂ ಕೈಹಿಡಿದು ಕರೆತರಬೇಕು.

ಆದ್ದರಿಂದ ಡಿ.ಜೆ. ಬಂದ್ ಮಾಡಿಸಿ ಎಂದು ನಾನು ಹೇಳುವುದಿಲ್ಲ. ಸಪ್ಪಳ ತುಸು ಇಳಿಸಿದರೆ ಸಾಕು, ಎಳೆಗೂಸು ಇದ್ದ ಮನೆಗಳೂ ಇರುತ್ತವೆ. ನಾನು ಕೇಳುವುದು ಇನ್ನೊಂದು. ಕಾಲೇಜಿನ ಸ್ನೇಹ ಸಮ್ಮೇಳನಗಳಲ್ಲಿ ಈಗ ಹುಡುಗರು ಮೈಕ್ ಹಿಡಿದು ರ‍್ಯಾಪ್ ಮಾಡುತ್ತಾರೆ, ಹುಡುಗಿಯರು ಸಿನಿಮಾ ಹಾಡಿಗೆ ಗುಂಪಾಗಿ ಕುಣಿಯುತ್ತಾರೆ. ಮುಂದಿನ ವರ್ಷ ಹರದೇಶಿ ಒಂದು ಕಡೆ, ನಾಗೇಶಿ ಒಂದು ಕಡೆ ಎಂದು ನಿಲ್ಲಿಸಿ ನೋಡಿ. ತಾಳ ಬೇಕಾದರೆ ಬ್ರಾಂಕ್ಸಿನದೇ ಇರಲಿ, ಪ್ರಾಸ ಸರ್ವಜ್ಞನದು ಇರಲಿ, ಮಾತು ನಮ್ಮ ಓಣಿಯದು ಇರಲಿ. ಹುಡುಗಿ ಹಾಡಿದರೆ ಮದುವೆಗೆ ಅಡ್ಡಿಯಾದೀತು ಎಂದು ತಾಯಂದಿರು ಅಂಜುತ್ತೀರಿ, ನನಗೆ ಗೊತ್ತು. ಓಣಿಯ ತುಂಬ ಅವಳನ್ನೇ ಬೈಯುವ ಹಾಡು ಮೊಳಗುವಾಗ ಬಾಯಿ ಮುಚ್ಚಿಕೊಂಡು ಅಂಗಡಿಯ ಮಗ್ಗುಲಿಗೆ ನಿಲ್ಲುವುದರಿಂದ ಅವಳ ಮಾನ ಹೆಚ್ಚಾಗುವುದೂ ಇಲ್ಲ.

ನಮ್ಮ ಮನೆಗಳಲ್ಲಿ ಇನ್ನೂ ನಾಲ್ಕು ಬೀಸುವ ಪದ, ಎರಡು ಸೋಬಾನ ಪದ ಬಲ್ಲ ಮುದುಕಿಯರು ಇದ್ದಾರೆ. ಮೊಮ್ಮಕ್ಕಳ ಕೈಯಲ್ಲಿ ಮೊಬೈಲ್ ಇದೆ. ಒಂದು ಮಧ್ಯಾಹ್ನ ಇಬ್ಬರನ್ನೂ ಎದುರುಬದುರು ಕೂರಿಸಿ. ಪದ ಶುರುವಾಗುವ ಮೊದಲು ಅಜ್ಜಿಯ ಹೆಸರು, ತವರೂರಿನ ಹೆಸರು ಅವಳ ಬಾಯಿಂದಲೇ ಹೇಳಿಸಿ. ನಾಚಿಕೊಂಡು ‘ನಂದೇನೈತವ್ವಾ ಹೆಸರು’ ಎಂದಾಳು. ಬಿಡಬೇಡಿ. ಆ ಪದಕ್ಕೆ ಮೊಮ್ಮಗಳು ಯಾವ ತಾಳ ಹಾಕುತ್ತಾಳೆ ಎಂಬುದು ಅವಳಿಗೆ ಬಿಟ್ಟದ್ದು.